ನಾನು ತಿದ್ದಿದ ಡಕಾರ

ಅಣ್ಣಯ್ಯಾ,

ಈ ಕಾಗದವನ್ನು ನೀನು ಓದುವುದಿಲ್ಲ ಎಂದು ನನಗೆ ಗೊತ್ತು. ಬದುಕಿದ್ದಾಗಲೇ ಓದಲಿಲ್ಲ. ನಾನು ದೊರೆಯ ಎಸ್ಟೇಟಿನಲ್ಲಿ ರೈಟರಾದ ಮೊದಲ ವಾರ ನಿನ್ನ ಹೆಸರನ್ನು ದಪ್ಪಕ್ಷರದಲ್ಲಿ ಬರೆದು ತಂದುಕೊಟ್ಟರೆ, ಅದನ್ನು ತಲೆಕೆಳಗಾಗಿ ಹಿಡಿದು 'ಹೌದ್ ಕಣೋ, ಇದು ನಾನೇಯ, ಮೀಸೆ ಕಾಣ್ತಾ ಐತೆ' ಎಂದವನು ನೀನು. ಅಂಥ ಆಸಾಮಿಗೆ ಆರು ವರ್ಷ ಮಣ್ಣಿನಡಿ ಮಲಗಿದ ಮೇಲೆ ಅಕ್ಷರ ಬಂದೀತೇ? ಬಂದರೂ ಬಂದೀತು, ಅಲ್ಲಿ ನಿನಗೆ ಬೇರೆ ಕೆಲಸವಾದರೂ ಏನಿದೆ. ಎದುರಿಗೆ ಕೂತು ಹೇಳುವ ಧೈರ್ಯವಂತೂ ನನಗಿಲ್ಲ. ನೀನಿದ್ದಿದ್ದರೆ ಮೊದಲು ಕಪಾಳಕ್ಕೆ ಬಿಟ್ಟು ಆಮೇಲೆ ಸಂಗತಿ ಕೇಳುವವನು. ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ನೀನು ಪಕ್ಕದ ಗದ್ದೆಯ ದ್ಯಾವಣ್ಣನ ಮನೆಗೆ ಮಚ್ಚು ಹಿಡಿದು ಹೋಗುವ ಹಾಗೆ ಮಾಡಿದವನು ನಾನು. ನಿನ್ನ ಮಗಳು ಗೌರಿಗೆ ಬಂದ ಎರಡು ಸಂಬಂಧ ಮುರಿದು ಬೀಳುವ ಹಾಗೆ ಮಾಡಿದವನೂ ನಾನೇ. ಎರಡೂ ಒಂದೇ ಬಾಯಿಂದ, ಒಂದೇ ಬೆಳಗ್ಗೆ ಆದದ್ದು.

ನೀನು ನನಗೆ ಮೊದಲು ಹೊಡೆದದ್ದು ನೆನಪಿದೆಯೇ? ದ್ಯಾವಣ್ಣನ ಬೇಲಿ ಹಾರಿ ಸೀಬೆಕಾಯಿ ಕದ್ದಿದ್ದೆ. ಅದೇ ಸೀಬೆಯ ಬರಲುಕಡ್ಡಿ ಮುರಿದು ನೀನು ಮೂರು ಬಾರಿಸಿದೆ. ಮೀನಖಂಡದ ಮೇಲೆ ಬಾಸುಂಡೆ ಎದ್ದಿತ್ತು. ಹೊಡೆದವನು ನೀನೇ, ಬೆಲ್ಲ ತಂದು ಬಾಯಿಗೆ ತುರುಕಿದವನೂ ನೀನೇ. ಅಪ್ಪ ಸತ್ತ ಮೇಲೆ ನನಗೆ ಅಪ್ಪನಾದವನ ಏಟು ಎಷ್ಟು, ಎಲ್ಲಿಗೆ, ಯಾವಾಗ ನಿಲ್ಲುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ಅದಕ್ಕೇ ನಮ್ಮ ಎತ್ತು ಕೆಂದನ ದಿನ ನಾನು ಅಷ್ಟು ಹೆದರಿದ್ದು.

ಬಾಳ್ಳುಪೇಟೆಯಿಂದ ಉಪ್ಪಿನ ಮೂಟೆ ಹೇರಿಕೊಂಡು ಬರುತ್ತಿದ್ದೆವು. ಏರು ಹತ್ತುವಾಗ ನಮ್ಮ ಕೆಂದ ಎತ್ತು ನಿಂತುಬಿಟ್ಟಿತು, ಎತ್ತು ಅಂದ ಮೇಲೆ ನಿಲ್ಲುತ್ತದಪ್ಪ. ನೀನು ಗಾಡಿಯ ಗೂಟ ಕಿತ್ತುಕೊಂಡು ಇಳಿದೆ. ಬೆನ್ನಿಗೆ ಒಂದು ಕೊಡುತ್ತೀ ಎಂದುಕೊಂಡರೆ ನೇರ ಮುಖಕ್ಕೆ ಬೀಸಿದೆ. ಮತ್ತೆ ಬೀಸಿದೆ. ಕಣ್ಣುಗುಡ್ಡೆ ಹೊರಗೆ ಬಂದು ನೇತಾಡುತ್ತಿದ್ದರೂ ಬಿಡಲಿಲ್ಲ. ತಡೆಯಲು ಬಂದ ನನ್ನನ್ನು ಒಂದೇ ಕೈಯಲ್ಲಿ ಎತ್ತಿ ಚರಂಡಿಗೆ ಎಸೆದೆ. ಕೆಂದ ಮಂಡಿಯೂರಿ ಬಿದ್ದ ಮೇಲೂ ಹೊಡೆಯುತ್ತಲೇ ಇದ್ದೆ, ರಕ್ತ ನಿನ್ನ ಗಡ್ಡಕ್ಕೆಲ್ಲ ಸಿಡಿದಿತ್ತು. ಆಮೇಲೆ ಗೂಟ ಕೈಯಿಂದ ಜಾರಿತು. ರಸ್ತೆ ಮೇಲೆ ಕೂತು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿಕೊಂಡು, 'ಯಾರ್ಲಾ ರಾಗಿ ಸೀಯ್ಸ್ತಾ ಇರೋದು? ಸೀದ ವಾಸ್ನೆ ಬತ್ತಾ ಐತೆ' ಎಂದೆ. ಅಲ್ಲಿ ಸುತ್ತ ಒಂದು ಗುಡಿಸಲೂ ಇರಲಿಲ್ಲ, ಅಣ್ಣಯ್ಯ. ಆಮೇಲೆ ಎತ್ತಿನ ಕಡೆ ನೋಡಿ ಮಗುವಿನ ಹಾಗೆ ಕೇಳಿದೆ, 'ಅಯ್ಯಯ್ಯೋ, ಕೆಂದಂಗೆ ಯಾರ್ಲಾ ಹೊಡ್ದೋರು?' ಎಂದು.

ಅಲ್ಲಿಂದ ಮುಂದೆ ಮನೆಯಲ್ಲಿ ಯಾರಿಗೂ ನೆಮ್ಮದಿಯ ಬೆಳಗಾಗಲಿಲ್ಲ. ಏಳುತ್ತಲೇ ನಿನಗೆ ತಲೆನೋವು, ತಲೆಗೆ ಒದ್ದೆ ಪಂಚೆ ಬಿಗಿದು ಕಂಬಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದೆ. 'ಗೌರಿ ಇಬ್ರು ಕಾಣ್ತಾವ್ರೆ ಕಣೋ, ಯಾವ್ಳು ನಮ್ಮೋಳು?' ಎಂದು ನಗುತ್ತಿದ್ದೆ, ನಗುನಗುತ್ತಲೇ ಉಣ್ಣುವ ತಣಿಗೆ ಎಸೆಯುತ್ತಿದ್ದೆ. ಅತ್ತಿಗೆಗೆ ಮುದ್ದೆ ತೊಳಸುವ ಕೋಲಿನಿಂದ ಬಾಯಿಗೆ ಹೊಡೆದೆಯಲ್ಲ, ಮುಂದಿನ ಎರಡು ಹಲ್ಲು ಹೋದವು. ಅವಳು ಆ ಹಲ್ಲುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, 'ಇದು ನಿಮ್ಮಣ್ಣ ಅಲ್ಲ, ಅವರ ಮೈಮೇಲೆ ಬಂದಿರೋ ಪೀಡೆ' ಎಂದಳು. ಆಲೂರಿನಿಂದ ಮಂತ್ರವಾದಿ ಬಂದ. ನಾಲ್ಕು ಜನ ನಿನ್ನ ಎದೆ ಮೇಲೆ, ತೊಡೆ ಮೇಲೆ ಕೂತರು, ಕಾಲು ಹಿಡಿದುಕೊಂಡವನು ನಾನು. ಕುಡುಗೋಲಿನ ತುದಿಯನ್ನು ಕೆಂಪಗೆ ಕಾಯಿಸಿ ಹಣೆಯ ಎರಡೂ ಪಕ್ಕಕ್ಕೆ ಬರೆ ಹಾಕಿದ. ಚರ್ಮ ಚುರ್ ಎಂದಿತು. ನೀನು ಕೂಗಲಿಲ್ಲ. ತಲೆಯೆತ್ತಿ ನನ್ನನ್ನೇ ನೋಡಿ, 'ಈಗ ನಿಂಗೂ ಬಂತೇನ್ಲಾ ಸೀದ ವಾಸ್ನೆ?' ಎಂದೆ. ಆ ಮಾತು ಈಗಲೂ ಹೊಗೆ ಕಂಡಲ್ಲೆಲ್ಲ ನನ್ನ ಕಿವಿಗೆ ಬೀಳುತ್ತದೆ. ಒಲೆಯ ಮೇಲೆ ಏನಾದರೂ ಸೀದರೆ ಸಾಕು, ಪಕ್ಕದವರ ರಟ್ಟೆ ಹಿಡಿದು 'ನಿಮಗೂ ವಾಸನೆ ಬಂತಾ?' ಎಂದು ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ.

ಇನ್ನು ಆ ಬೆಳಗ್ಗೆಗೆ ಬರುತ್ತೇನೆ. ತಿಂಗಳಿಗೊಮ್ಮೆ ಕುದುರೆ ಮೇಲೆ ಎಸ್ಟೇಟುಗಳಿಗೆ ಬರುತ್ತಿದ್ದ ಬಿಳಿ ಡಾಕ್ಟರ ಮುಂದೆ ನಿನ್ನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದೆನಲ್ಲ, ಸ್ಟೋರಿನ ಜಗುಲಿಯಲ್ಲಿ. ನನ್ನ ಕೆಲಸ ಏನಿತ್ತು ಹೇಳು? ಹೆಸರಿಗೆ ರೈಟರು. ನಿಜದಲ್ಲಿ ದೊರೆಯ ಕನ್ನಡವನ್ನು ಲೈನ್‌ಮನೆಗಳಲ್ಲಿದ್ದ ಆಳುಗಳಿಗೆ ಕನ್ನಡ ಮಾಡಿ ಹೇಳುವುದು. ಆ ಬಿಳಿಯರಿಗೆ ತಕಾರ ದಕಾರ ಹೊರಳುವುದಿಲ್ಲ. ತೋಟ ಅವರ ಬಾಯಲ್ಲಿ 'ಟೋಟ', ದನ 'ಡನ'. ನಮ್ಮ ದೊರೆ 'ಗಡ್ಡೆಗೆ ನೀರು ಬಿಡು' ಎಂದು ಕೂಗಿದರೆ ಆಳುಗಳು ಕಿಸಕ್ಕನೆ ನಗುತ್ತಿದ್ದರು. ನಾನು ಗಂಭೀರವಾಗಿ 'ಗದ್ದೆಗೆ ನೀರು ಬಿಡ್ರೋ' ಎನ್ನುತ್ತಿದ್ದೆ. ಅವರ 'ಡ' ಕೇಳಿದ ಕೂಡಲೇ ಅದನ್ನು 'ದ' ಮಾಡುವುದು ನನಗೆ ಉಸಿರಾಡಿದಷ್ಟು ಸಲೀಸಾಗಿತ್ತು. ಲೈನಿನವರು ನನಗೆ 'ದೊರೆ ನಾಲ್ಗೆ' ಎಂದು ಹೆಸರಿಟ್ಟಿದ್ದರು. ನನಗೋ ಅದರಲ್ಲಿ ದೊಡ್ಡ ಜಂಬ!

ಡಾಕ್ಟರಿಗೂ ತನಗೆ ಕನ್ನಡ ಬರುತ್ತದೆಂಬ ಜಂಬ. ನಾನು ಮುರುಕು ಇಂಗ್ಲಿಷಿನಲ್ಲಿ ಶುರು ಮಾಡಿದರೆ ಕೈ ಅಡ್ಡ ಹಿಡಿದು ಕನ್ನಡದಲ್ಲೇ ಮಾತಾಡಿದ. ಸಣ್ಣ ಕನ್ನಡಿ ಹಿಡಿದು ನಿನ್ನ ಕಣ್ಣೊಳಗೆ ಇಣುಕಿದ. ಗೆರೆ ಎಳೆದು ಅದರ ಮೇಲೆ ನಡೆಸಿದ, ನೀನು ಎಡಕ್ಕೆ ವಾಲಿದೆ. ಸೀದ ವಾಸನೆಯ ವಿಷಯ ಕೇಳಿದ ಮೇಲೆ ಅವನ ಮುಖ ಇಳಿದುಹೋಯಿತು. 'ಟಲೆ ಗಡ್ಡೆ,' ಎಂದ. 'ಟಲೆ ಗಡ್ಡೆ ಇಡೆ. ಬಹಳ ಕೆಟ್ಟಡು.'

ನಾನು ತಟ್ಟನೆ ತಿದ್ದಿಕೊಂಡೆ, ತಲೆಗದ್ದೆ ಎಂದು. ನೀರಿನ ಊಟೆಯ ಬಾಯಲ್ಲಿರುವ ನಮ್ಮ ಮೇಲಿನ ಗದ್ದೆಗೆ ನಾವು ಇಟ್ಟ ಹೆಸರೇ ಅದಲ್ಲವೇ? ಅದರ ನೀರಿಗಾಗಿ ತಾನೇ ದ್ಯಾವಣ್ಣನ ಜೊತೆ ನಿನಗೆ ವರ್ಷವರ್ಷ ಜಗಳ? ನಮ್ಮೂರು ಹೆಗ್ಗದ್ದೆಯ ಜಗಳ ಈ ಮಹಾರಾಯನ ಕಿವಿಗೂ ಬಿದ್ದಿದೆಯಲ್ಲ ಎಂದು ನನಗೆ ಆಶ್ಚರ್ಯ. 'ಅಪ್ಪನಿಗೆ ಇಟ್ಟಾ? ಅಜ್ಜನಿಗೆ ಇಟ್ಟಾ?' ಎಂದು ಕೇಳಿದ. ನಾನು ಕೈಮುಗಿದು, 'ಇತ್ತು ಬುದ್ದೀ. ಅಪ್ಪನಿಗೂ ಇತ್ತು, ಅಜ್ಜನಿಗೂ ಇತ್ತು, ಮೂರು ತಲೆಮಾರಿಂದ ಐತೆ' ಎಂದೆ. ಅವನು ಬರೆದುಕೊಂಡ. 'ಮುಂಡೆ ಯಾರಿಗೆ?' ಎಂದ. ಮುಂದೆ ಯಾರಿಗೆ ಎಂದು. 'ಇವನಿಗೆ ಗಂಡುಮಕ್ಕಳಿಲ್ಲ ಬುದ್ದೀ, ಇರೋಳು ಒಬ್ಬಳೇ ಮಗಳು. ಅವಳಿಗೇ ಬರ್ತದೆ' ಎಂದೆ. ಅದನ್ನೂ ಬರೆದುಕೊಂಡು ತಲೆಯಾಡಿಸಿದ. ಆ ಗದ್ದೆಯ ಕೆಡುಕು ತೆಗೆಯಲು ಆಗುವುದಿಲ್ಲವೇ ಎಂದು ಕೇಳಿದೆ. 'ಒಳಗೆ ಇಡೆ. ಟೆಗೆಯಲು ಆಗಡು' ಎಂದ. ಒಳಗೆ ಇದೆ! ತಲೆಗದ್ದೆಯ ಒಳಗೆ ಏನೋ ಹೂತಿದ್ದಾರೆ! ಅಲ್ಲೇ ನಿನ್ನ ಕಿವಿಯಲ್ಲಿ ಹೇಳಿದೆ. 'ಯಾರೋ ಮಾಟ ಮಾಡ್ಸಿ ತಲೆಗದ್ದೇಲಿ ಹೂತವ್ರಂತೆ ಅಣ್ಣಯ್ಯ, ಡಾಕ್ಟ್ರೇ ಹೇಳ್ತಾವ್ರೆ.' ಡಾಕ್ಟರ ಕುದುರೆ ಹಿಡಿದು ನಿಂತಿದ್ದ ಆಳು ನನ್ನನ್ನೇ ಮಿಕಿಮಿಕಿ ನೋಡುತ್ತಿದ್ದ. ಅವನಿಗೆ ತನ್ನ ಯಜಮಾನನ ಮಾತು ಸರಿಯಾಗಿ ತಿಳಿದಿತ್ತು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಗದ್ದೆ ಅಗೆದದ್ದು ನಿನಗೆ ನೆನಪಿದೆಯೋ ಇಲ್ಲವೋ. ನೀನು, ನಾನು, ಅತ್ತಿಗೆ, ಗುದ್ದಲಿ ಹಿಡಿದು ಮರುದಿನ ಬೆಳಗ್ಗೆಯಿಂದ ನಡುಹಗಲವರೆಗೆ. ದ್ಯಾವಣ್ಣನ ಕಡೆಯ ಬದುವಿನಲ್ಲಿ ಗಡಿಕಲ್ಲಿನಡಿ ಒಂದು ಮಡಕೆ ಸಿಕ್ಕಿತು, ಒಳಗೆ ಇದ್ದಿಲು, ಭತ್ತದ ಹೊಟ್ಟು. ಅತ್ತಿಗೆ ಕಿಟಾರನೆ ಕಿರುಚಿ ಮಡಕೆಯನ್ನು ಒಡೆದಳು. ಬೇಲಿ ಸವರಲು ತಂದಿದ್ದ ಮಚ್ಚು ಬದುವಿನ ಮೇಲಿತ್ತು, ನೀನು ಎತ್ತಿಕೊಂಡು ನಡೆದೆ. ನಾನು ತಡೆಯಬಹುದಿತ್ತಲ್ಲವೇ? ತಡೆಯಲಿಲ್ಲ, ನಿನ್ನ ಹಿಂದೆಯೇ ಬಂದೆ. ನಿಜ ಹೇಳುತ್ತೇನೆ, ಕೊಡಲಿ ಒಂದೇಟು ಆ ಪಾಪಿಗೆ ಎಂದೇ ನನ್ನ ಮನಸ್ಸಿನಲ್ಲಿತ್ತು.

ದ್ಯಾವಣ್ಣ ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. 'ಬಾರೋ, ಏನ್ ಈ ಬಿಸ್ಲಲ್ಲಿ' ಎಂದು ತಲೆಯೆತ್ತಿದ. ಮಚ್ಚು ಕಂಡು ಬಲಗೈ ಅಡ್ಡ ತಂದ. ಒಂದೇ ಏಟಿಗೆ ಕೈ ಮಣಿಕಟ್ಟಿನ ಮೇಲಿಂದ ಹಾರಿ ಬಿತ್ತು, ಬೆರಳುಗಳು ಹಗ್ಗವನ್ನು ಬಿಟ್ಟಿರಲಿಲ್ಲ. ಎರಡನೆಯ ಏಟು ಹೆಗಲಿಗೆ, ಮೂರನೆಯದು ಬಾಗಿಲಿನ ಕಂಬಕ್ಕೆ ಕಚ್ಚಿಕೊಂಡಿತು. ಅಷ್ಟರಲ್ಲಿ ಅವನ ಅಳಿಯಂದಿರು ಬಡಿಗೆ ಹಿಡಿದು ಬಂದು ನಿನ್ನನ್ನು ಬಡಿದರು. ಮೊಣಕಾಲು ಮುರಿದ ಸದ್ದು ನನಗೆ ಕೇಳಿಸಿತು. ನಾನು ನಿನ್ನ ಮೇಲೆ ಅಡ್ಡ ಬಿದ್ದೆ, ನನ್ನ ಬೆನ್ನಿಗೂ ಬಿತ್ತು. ಕೆಳಗಿದ್ದ ನೀನು ನನ್ನ ಭುಜವನ್ನೇ ಕಚ್ಚಿದೆ, ಗುರುತು ಇನ್ನೂ ಇದೆ. ಆಮೇಲೆ ನಿನ್ನ ಮೈಯೆಲ್ಲ ಸೆಟೆದು ಅದುರಿ ಬಾಯಲ್ಲಿ ನೊರೆ ಬಂತು. 'ನಾಟ್ಕ ಆಡ್ತಾವ್ನೆ ಬಡ್ಡಿಮಗ, ಹಾಕಿ ಇನ್ನೆರಡ' ಎಂದ ಯಾರೋ ಒಬ್ಬ. ಹಾಕಿದರು.

ನಿನ್ನ ಕೈಗೆ ಕೋಳ ಹಾಕಿ ಸಕಲೇಶಪುರದ ಠಾಣೆಗೆ ಗಾಡಿಯಲ್ಲಿ ಹಾಕಿಕೊಂಡು ಹೋದರು. ಮೂರನೆಯ ದಿನ ಮತ್ತೆ ಫಿಟ್ಸ್ ಬಂದು, ನಿಲ್ಲದೆ ಬಂದು, ಹೋಗಿಬಿಟ್ಟೆಯಂತೆ. ನಾನು ಜೊತೆಗಿರಲಿಲ್ಲ. ಠಾಣೆಯಲ್ಲಿ ಸತ್ತವರನ್ನು ಕೊಯ್ದು ನೋಡಲೇಬೇಕಂತೆ. ಕೊಯ್ದವರು ಅಲ್ಲಿನ ಔಷಧಾಲಯದ ಪಾಸ್ಕಲರು, ಮಂಗಳೂರು ಕಡೆಯ ಕ್ರಿಸ್ತುವರು, ಒಳ್ಳೆಯ ಮನುಷ್ಯ. ಗುರುತು ಹೇಳಲು ನನ್ನನ್ನು ಒಳಗೆ ಕರೆದರು. ನಿನ್ನ ತಲೆಗೆ ಬಿಳಿ ಬಟ್ಟೆ ಸುತ್ತಿದ್ದರು. ಪಿಂಗಾಣಿ ತಟ್ಟೆಯನ್ನು ನನ್ನ ಮುಂದೆ ಹಿಡಿದು ಅವರು ಹೇಳಿದ್ದು ಇಷ್ಟು. 'ನಿನ್ನ ಅಣ್ಣನ ಮೇಲೆ ಸಿಟ್ಟು ಮಾಡಬೇಡ ಮಾರಾಯ. ಅವನು ಕೆಟ್ಟವ ಅಲ್ಲ. ಇಲ್ಲಿ ನೋಡು, ತಲೆಯ ಒಳಗೆ ಇದು ಬೆಳೆದದ್ದುಂಟು. ಗಡ್ಡೆ.'

'ಗದ್ದೆಯಾ?' ಎಂದೆ ನಾನು.

'ಎಂತ ಗದ್ದೆ? ಗಡ್ಡೆ ಅಂದೆ ನಾನು, ಗಡ್ಡೆ. ನೆಲದ ಒಳಗೆ ಗೆಣಸು ಬೆಳೆಯುದಿಲ್ಲವಾ, ಹಾಗೆ. ದೊಡ್ಡ ಡಾಕ್ಟ್ರು ಮೊದಲೇ ಹೇಳಿದ್ರಂತಲ್ಲ ನಿನ್ನ ಹತ್ರ. ತಲೆಗಡ್ಡೆ ಅಂತ.'

ಬೂದು ಬಣ್ಣ, ನಿಂಬೆಹಣ್ಣಿಗಿಂತ ದೊಡ್ಡದು, ಒಂದು ಬದಿ ರಕ್ತ ಹೆಪ್ಪುಗಟ್ಟಿತ್ತು. ಅಷ್ಟು ವರ್ಷದ ನನ್ನ ನೌಕರಿಯಲ್ಲಿ ಒಬ್ಬನೇ ಒಬ್ಬ ಬಿಳಿಯ ಒಂದೇ ಒಂದು ಸಲ ಡಕಾರವನ್ನು ಸರಿಯಾಗಿ ಹೇಳಿದ್ದ, ಅದನ್ನು ನಾನು ತಿದ್ದಿಬಿಟ್ಟಿದ್ದೆ. ನನಗೆ ಅಲ್ಲೇ ಎಲ್ಲ ತಿಳಿಯಿತು, ಗೋಡೆ ಹಿಡಿದುಕೊಂಡು ಕುಸಿದೆ. ಅಣ್ಣ ಸತ್ತ ದುಃಖ ಎಂದುಕೊಂಡು ಪಾಸ್ಕಲರು ನೀರು ಕೊಟ್ಟರು. ಕುಡಿದು, ನಿನ್ನನ್ನು ಗಾಡಿಯಲ್ಲಿ ತಂದು, ತಲೆಗದ್ದೆಯ ಅಂಚಿನಲ್ಲಿ ಮಣ್ಣು ಮಾಡಿ, ಬಾಯಿ ಹೊಲಿದುಕೊಂಡೆ. ಆರು ವರ್ಷ! ಏನೆಂದು ಹೇಳಲಿ? ಒಬ್ಬನ ಕೈ ಹೋಯಿತು, ಒಬ್ಬನ ಪ್ರಾಣ ಹೋಯಿತು, ನಾನು ಒಂದು ಅಕ್ಷರ ತಪ್ಪು ಕೇಳಿಸಿಕೊಂಡೆ ಎಂದೇ? ನಾನು ಹೇಡಿ, ಅಣ್ಣಯ್ಯ. ಬೇರೆ ಕಾರಣ ಹುಡುಕಿ ನೋಡಿದೆ, ಇಲ್ಲ.

ದ್ಯಾವಣ್ಣ ಬದುಕಿಕೊಂಡ. ನೀರು ತಿರುಗಿಸಲು ದಿನಾ ಬೆಳಗ್ಗೆ ತಲೆಗದ್ದೆಗೆ ಬರುತ್ತಿದ್ದ, ಎಡಗೈಯಲ್ಲಿ ಗುದ್ದಲಿ. ನಿನ್ನ ಮಣ್ಣಿನ ಮುಂದೆ ನಿಂತು ಕ್ಯಾಕರಿಸಿ ಉಗಿದು ಮುಂದೆ ಹೋಗುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ. ನಾನು ಬೇಲಿಯ ಹಿಂದೆ ನಿಂತು ನೋಡುತ್ತಿದ್ದೆ. ಅಡ್ಡ ಹೋಗಿ 'ನನ್ನ ಮೇಲೆ ಉಗಿ' ಎನ್ನಬೇಕಿತ್ತು.

ಗೌರಿಗೆ ಮೊದಲ ಸಂಬಂಧ ಬಾಳ್ಳುಪೇಟೆಯಿಂದ ಬಂತು. ವೀಳ್ಯ ಬದಲಾಯಿಸಬೇಕಾದ ದಿನ ಯಾರೂ ಬರಲಿಲ್ಲ. ಎರಡನೆಯದೂ ಹಾಗೇ ಆಯಿತು. ಆ ಕುದುರೆ ಆಳು ಹೆಂಡದಂಗಡಿಯಲ್ಲಿ ಬಾಯಿಬಿಟ್ಟಿದ್ದ. 'ಅವ್ರ ವಂಶದಲ್ಲೇ ತಲೆಗಡ್ಡೆ ಐತೆ. ಅಪ್ಪಂಗೆ, ಅಜ್ಜಂಗೆ, ಈಗ ಮಗಳಿಗೂ ಬತ್ತದೆ. ನಾ ಹೇಳ್ತಾ ಇಲ್ಲ, ಆ ರೈಟ್ರೇ ಡಾಕ್ಟ್ರ ಮುಂದೆ ಕೈಮುಗ್ದು ಒಪ್ಕಂಡವ್ನೆ.' ಒಪ್ಪಿಕೊಂಡದ್ದು ನಿಜವಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ಕಾಗದದಲ್ಲಿ ಬರೆದೂ ಇಟ್ಟಿದ್ದಾರೆ. ಅತ್ತಿಗೆ ತಲೆ ತಲೆ ಚಚ್ಚಿಕೊಂಡಳು. ಗೌರಿ ಎಸ್ಟೇಟಿನ ಕಣದಲ್ಲಿ ಕಾಫಿ ಹರವುವ ಕೆಲಸಕ್ಕೆ ಹೊರಟಳು.

ಹೋದ ತಿಂಗಳು ಅವಳು ನಾಲ್ಕು ದಿನ ಸುಡುಬಿಸಿಲಲ್ಲಿ ನಿಂತು ಬಂದು 'ತಲೆ ಸಿಡೀತದೆ ಅವ್ವಾ' ಎಂದು ಮಲಗಿದಳು. ಅಷ್ಟೇ ಸಾಕಾಯಿತು. ನಾನು ಊಟಕ್ಕೆಂದು ಮನೆಗೆ ಬರುವಾಗ ಒಳಗಿನಿಂದ ಹಂದಿ ಕೊಯ್ಯುವಾಗಿನಂಥ ಕೂಗು. ಅತ್ತಿಗೆ ಗೌರಿಯ ಜಡೆಯನ್ನು ಕೈಗೆ ಸುತ್ತಿಕೊಂಡು, ಎದೆಯ ಮೇಲೆ ಮಂಡಿ ಊರಿ ಕೂತಿದ್ದಾಳೆ. ಇನ್ನೊಂದು ಕೈಯಲ್ಲಿ ಕೆಂಪಗೆ ಕಾದ ಕುಡುಗೋಲು. ಅದೇ ಕುಡುಗೋಲು, ಅಣ್ಣಯ್ಯ. ನಾನು ಹಾರಿ ಅದರ ಅಲಗನ್ನೇ ಹಿಡಿದೆ. ಅಂಗೈ ಸುಟ್ಟು ಕಬ್ಬಿಣಕ್ಕೆ ಅಂಟಿಕೊಂಡಿತು, ಕಿತ್ತು ಎಸೆದೆ.

'ಬುಡು! ಬುಡು ನನ್ನ!' ಎಂದು ಅತ್ತಿಗೆ ಅರಚಿದಳು. 'ನಿಮ್ಮಣ್ಣನ್ ತಲೇಲಿ ಇದ್ದಿದ್ದು ಇವಳ್ ತಲೇಲೂ ಬಂದೈತೆ. ಈಗ್ಲೇ ಸುಡಬೇಕು, ಬೆಳೆದ್ ಮೇಲೆ ಏನ್ ಮಾಡ್ಲಿ? ಇವಳೂ ಮಚ್ಚು ಹಿಡ್ಕಂಡು ಹೋಗಾದ ನೋಡ್ಲಾ ನಾನು?'

'ಇಲ್ಲ ಅತ್ಗೆಮ್ಮ, ವಂಶದಲ್ಲಿಲ್ಲ! ಅದು ನಾನು ಹೇಳಿದ ಸುಳ್ಳು!' ಎಂದು ಕೂಗಿಬಿಟ್ಟೆ. ಸುಟ್ಟ ಕೈ ಹಿಡಿದುಕೊಂಡು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ, ಟಲೆ ಗಡ್ಡೆಯಿಂದ ಹಿಡಿದು ಪಿಂಗಾಣಿ ತಟ್ಟೆಯವರೆಗೆ. ಅತ್ತಿಗೆ ಅಲುಗದೆ ಕೇಳಿದಳು. ಆಮೇಲೆ ಎದ್ದು ಮುದ್ದೆ ತೊಳಸುವ ಕೋಲು ತಂದು ನನಗೆ ಹೊಡೆದಳು. ಬೆನ್ನು, ತೋಳು, ತಲೆ ಎಂದು ನೋಡದೆ ಹೊಡೆದಳು. ಮುಂದಿನ ಹಲ್ಲಿಲ್ಲದ ಬಾಯಲ್ಲಿ ಏನೇನೋ ಬೈಯುತ್ತಿದ್ದಳು, ಅರ್ಧ ತಿಳಿಯಲಿಲ್ಲ. ಕೋಲು ಮುರಿದ ಮೇಲೆ ಅಲ್ಲೇ ಕುಸಿದು ನಿನ್ನ ಹೆಸರು ಹಿಡಿದು ಅತ್ತಳು. ನೀನು ಸತ್ತಾಗಲೂ ಅವಳು ಅಷ್ಟು ಅತ್ತಿರಲಿಲ್ಲ.

ಗೌರಿ ಕೇಳಿದ್ದು ಒಂದೇ. 'ಹಂಗಾರೆ ತಾತಂಗೆ ಇರ್ಲಿಲ್ವಾ ಚಿಕ್ಕಪ್ಪ?'

'ಇರ್ಲಿಲ್ಲ ಕಣವ್ವ. ನಿಮ್ ತಾತ ಹಲಸಿನ ಮರದಿಂದ ಬಿದ್ದು ಸತ್ತ. ಮುತ್ತಾತ ಹಲ್ಲೆಲ್ಲ ಉದುರಿದ ಮೇಲೂ ಕಡ್ಲೆ ಬೇಕು ಅಂತ ಹಟ ಮಾಡ್ಕಂಡು, ಹಣ್ಣಾಗಿ ಸತ್ತ. ಅವರಿಗಿದ್ದಿದ್ದು ಗದ್ದೆ.'

ಮರುದಿನವೇ ಪಾಸ್ಕಲರ ಬಳಿ ಓಡಿದೆ. ಅವರು ಕೈಗೆ ಔಷಧಿ ಹಚ್ಚುತ್ತಲೇ ಕೇಳಿದರು, ಅರ್ಧಕ್ಕೆ ನಿಲ್ಲಿಸಿ ಎದ್ದು ನಿಂತರು. 'ಆರು ವರ್ಷವಾ? ಆರು ವರ್ಷ ಬಾಯಲ್ಲಿ ಎಂತ ಇಟ್ಟುಕೊಂಡಿದ್ದಿ ನೀನು? ಆ ಹುಡುಗಿಯ ಹಣೆ ಸುಟ್ಟಿದ್ರೆ ಯಾರು ಗತಿ?' ಮೇಜಿನ ಮೇಲಿದ್ದ ಸೀಸೆ ಎತ್ತಿ ನನ್ನ ಮೇಲೆ ಎಸೆಯುವವರಂತಿದ್ದರು, ಹೇಗೋ ತಡೆದುಕೊಂಡರು. ಅವರ ಸಿಟ್ಟು ಇಳಿದ ಮೇಲೆ, ಆರು ವರ್ಷದಿಂದ ನನ್ನನ್ನು ತಿನ್ನುತ್ತಿದ್ದದ್ದನ್ನು ಕೇಳಿದೆ. ಹಾಗಾದರೆ ಅದು ಬಂದದ್ದು ಎಲ್ಲಿಂದ? ನೀನು ಎಸ್ಟೇಟಿಗೆ ಕೂಲಿಗೆ ಹೋಗಿ ನೆರಳಿನ ಮರ ಸವರುವಾಗ ಕೊಂಬೆ ಬಿದ್ದು ನಿನ್ನ ತಲೆ ಒಡೆದಿತ್ತಲ್ಲ, ಅದರಿಂದಲೇ? ಎಲೆರೋಗಕ್ಕೆಂದು ದೊರೆ ತರಿಸಿದ ಗಂಧಕದ ಪುಡಿಯನ್ನು ಎರಡು ವರ್ಷ ಬರಿಗೈಯಲ್ಲಿ ಎರಚಿ, ಮೂಗು ಬಾಯಿ ಎಲ್ಲ ಹಳದಿ ಮಾಡಿಕೊಂಡು ಬರುತ್ತಿದ್ದೆಯಲ್ಲ, ಅದರಿಂದಲೇ? ಕಾಡು ಸುಟ್ಟ ಹೊಗೆಯೇ?

'ನೋಡು,' ಎಂದರು. 'ಪೆಟ್ಟಿನಿಂದ ಬರ್ತದೆ ಅಂತ ಹೇಳುವವರು ಉಂಟು. ರಕ್ತದಲ್ಲಿ ಬರ್ತದೆ ಅನ್ನುವವರೂ ಉಂಟು. ಗಂಧಕ, ಹೊಗೆ, ಇರಬಹುದು, ಇಲ್ಲದೆಯೂ ಇರಬಹುದು. ನಿನ್ನ ಅಣ್ಣನ ಜೊತೆ ಲೈನಿನ ಅಷ್ಟು ಜನ ಅದೇ ಪುಡಿ ಎರಚಿದ್ರಲ್ಲ, ಅವರಿಗೆ ಎಂತಕ್ಕೆ ಬರಲಿಲ್ಲ? ನನಗೆ ಗೊತ್ತಿಲ್ಲ ಮಾರಾಯ. ದೊಡ್ಡ ಡಾಕ್ಟ್ರಿಗೂ ಗೊತ್ತಿಲ್ಲ. ಅಪ್ಪನಿಗೆ ಬಂತು ಅಂತ ಮಗಳಿಗೆ ಬಂದೇ ಬರ್ತದೆ ಅಂತ ಮಾತ್ರ ಯಾರೂ ಹೇಳ್ಲಿಕ್ಕಾಗುದಿಲ್ಲ. ಬರುದೇ ಇಲ್ಲ ಅಂತಲೂ ಆಣೆ ಹಾಕ್ಲಿಕ್ಕಾಗುದಿಲ್ಲ.' ಇಷ್ಟು ದೊಡ್ಡ ಸಂಗತಿಗೆ ಇಷ್ಟೇ ಉತ್ತರವೇ? ನನಗೆ ಅಳು ಬಂತು, ಕೋಪವೂ ಬಂತು. ಆದರೂ ಅವರು ದೊಡ್ಡ ಡಾಕ್ಟರು ಬರೆದಿಟ್ಟ ಆ ಹಳೆಯ ಕಾಗದ ಹುಡುಕಿ ತೆಗೆದು, ಮೂರು ತಲೆಮಾರಿನ ಸಾಲನ್ನು ನನ್ನ ಕಣ್ಣೆದುರೇ ಹೊಡೆದು ಹಾಕಿದರು. ಪಕ್ಕದಲ್ಲಿ 'ಹೇಳಿದವನು ಮಾತು ತಪ್ಪಾಗಿ ತಿಳಿದಿದ್ದ' ಎಂದು ಬರೆದು ನನ್ನಿಂದ ರುಜು ಹಾಕಿಸಿಕೊಂಡರು.

ಮೂರನೆಯ ಸಂಬಂಧ ಆಲೂರು ಕಡೆಯದು. ಹುಡುಗನ ತಾಯಿ ಗಟ್ಟಿ ಹೆಂಗಸು. ನೇರವಾಗಿ ಹೇಳಿದಳು, 'ಕಾಗ್ದ ಗೀಗ್ದ ನಂಗೆ ಬ್ಯಾಡ. ನಿಮ್ಮಪ್ಪ, ನಿಮ್ಮಜ್ಜ ಹೆಂಗೆ ಸತ್ರು ಅಂತ ಕಣ್ಣಾರೆ ಕಂಡೋರು ಯಾರಾದ್ರೂ ಹೇಳ್ಲಿ. ನಿಮ್ಮನೆಯೋರು ಬ್ಯಾಡ.' ಅಷ್ಟು ವಯಸ್ಸಾದವನು, ಇಬ್ಬರನ್ನೂ ಬಲ್ಲವನು, ನಮ್ಮ ಮನೆಯವನಲ್ಲದವನು ಊರಲ್ಲಿ ಒಬ್ಬನೇ ಇರುವುದು. ನಿನಗೆ ಗೊತ್ತು ಯಾರು ಎಂದು.

ಅವನ ಅಂಗಳಕ್ಕೆ ಹೋಗಿ ನಿಂತೆ. ಮಚ್ಚು ಕಚ್ಚಿದ ಗುರುತು ಕಂಬದ ಮೇಲೆ ಹಾಗೇ ಇದೆ. ಹೇಳಿದೆ. ದ್ಯಾವಣ್ಣ ಮುಗಿಯುವವರೆಗೆ ಕೇಳಿ, ಹತ್ತಿರ ಕರೆದು, ಎಡಗೈಯಲ್ಲಿ ನನ್ನ ಕೆನ್ನೆಗೆ ಬಾರಿಸಿದ. ನಾನು ಬಿದ್ದೆ. ಎಬ್ಬಿಸಿ ನಿಲ್ಲಿಸಿ ಮತ್ತೊಂದು ಬಾರಿಸಿದ, ಬಾಯಲ್ಲಿ ರಕ್ತ ಬಂತು.

'ಆ ಮಡ್ಕೆ ಹೂತಿದ್ದು ಯಾರು ಗೊತ್ತೇನ್ಲಾ?' 'ಇಲ್ಲ' ಎಂದೆ. 'ನಿಮ್ಮಜ್ಜ! ನಿಮ್ಮಜ್ಜನೂ ನಮ್ಮಪ್ಪನೂ ಸೇರಿ, ಗಡಿ ತಪ್ಪಬಾರ್ದು ಅಂತ ಕಲ್ಲಿನಡಿ ಇದ್ಲು ಹೂತ್ರು. ನಾನೇ ಮಡ್ಕೆ ಹೊತ್ಕೊಂಡು ಹೋಗಿದ್ದೆ. ಒಂದ್ ಮಾತು ಬಂದು ಕೇಳಿದ್ರೆ ಹೇಳ್ತಿರ್ಲಿಲ್ವಾ?' ಮೂರನೆಯ ಏಟಿಗೆ ಕೈ ಎತ್ತಿದವನು ಹಾಗೇ ನಿಂತ. 'ಕೈ ಹೋಯ್ತು, ಹೋಗ್ಲಿ. ನಾನ್ ಎತ್ತಾಡ್ಸಿದ ಹುಡ್ಗ ನನ್ಮೇಲೆ ಇಷ್ಟೊಂದು ಹಗೆ ಇಟ್ಕಂಡಿದ್ನಾ ಅಂತ ದಿನಾ ಬೇಯ್ತಾ ಇದ್ದೆ ಕಣೋ. ಆರು ವರ್ಷ ಅವ್ನ ಮಣ್ಣಿನ್ ಮೇಲೆ ಉಗ್ದುಬುಟ್ನಲ್ಲೋ. ಮೊದ್ಲೇ ಹೇಳಾಕೇನ್ ರೋಗ ನಿಂಗೆ?' ನಾನು ಅವನ ಕಾಲು ಹಿಡಿದೆ. ಒದ್ದು ಕೊಡವಿಕೊಂಡು ಒಳಗೆ ಹೋದ.

ಬರುವುದಿಲ್ಲ ಎಂದುಕೊಂಡಿದ್ದೆ. ಹುಡುಗನ ಕಡೆಯವರು ಜಗುಲಿಯಲ್ಲಿ ಕೂತಿದ್ದಾಗ ಬಂದ, ಒಗೆದ ಪಂಚೆ ಉಟ್ಟು. ಮೋಟು ಕೈಯನ್ನು ಎಲ್ಲರಿಗೂ ಕಾಣುವಂತೆ ಮುಂದೆ ಚಾಚಿದ. 'ಈ ಕೈ ಕಡ್ದೋನ ಮಗಳ ವಿಚಾರ ನಾನ್ ಹೇಳ್ತೀನಿ, ಕೇಳಿ. ಇವ್ರಪ್ಪ ಮರದಿಂದ ಬಿದ್ದಾಗ ಹೊತ್ಕಂಡು ಬಂದೋನು ನಾನು. ಇವ್ರಜ್ಜಂಗೆ ಹೆಗಲು ಕೊಟ್ಟೋನು ನಾನು. ಇಬ್ರಿಗೂ ತಲೆ ನೆಟ್ಟಗಿತ್ತು. ಇವ್ರಣ್ಣಂಗೂ ನೆಟ್ಟಗಿತ್ತು, ಆ ಗಡ್ಡೆ ಬರೋಗಂಟ.' ಹುಡುಗನ ತಾಯಿ ನನ್ನ ಕಡೆ ತಿರುಗಿದಳು. 'ಇನ್ ಮುಂದಕ್ಕೆ ಬರಾಕಿಲ್ಲ ಅಂತ ನೀವ್ ಹೇಳ್ತೀರಾ?' ಅತ್ತಿಗೆ ಕಣ್ಣಲ್ಲೇ ಹೂಂ ಎನ್ನು ಎಂದಳು. ನನಗೆ ಆಗಲಿಲ್ಲ, ಅಣ್ಣಯ್ಯ. ಗೊತ್ತಿಲ್ಲದ್ದನ್ನು ಗೊತ್ತು ಎಂದು ಒಮ್ಮೆ ಹೇಳಿದ್ದು ಸಾಕಾಗಿತ್ತು. 'ಗೊತ್ತಿಲ್ಲ ಕಣಮ್ಮ, ಯಾರಿಗೂ ಗೊತ್ತಿಲ್ವಂತೆ' ಎಂದೆ. ಅವಳು, 'ನಮ್ಮನೇಲೂ ಯಾವಾಗ ಏನ್ ಬತ್ತದೋ ನಂಗೇನ್ ಗೊತ್ತು. ಎಲೆ ಅಡ್ಕೆ ತನ್ನಿ' ಎಂದಳು.

ಸುಗ್ಗಿ ಮುಗಿದ ಮೇಲೆ ಮದುವೆ. ಇದು ನಿನಗೆ ಹೇಳಬೇಕಾಗಿದ್ದ ಒಂದು ಸುದ್ದಿ. ನಿನ್ನೆ ಗೌರಿ ನನ್ನ ಅಂಗೈಗೆ ಎಣ್ಣೆ ಹಚ್ಚುತ್ತಾ, 'ಅಲ್ಲಿ ಹೋದ್ ಮೇಲೆ ನಂಗೆ ತಲೆನೋವು ಬಂದ್ರೆ ಚಿಕ್ಕಪ್ಪ?' ಎಂದಳು. ನಗುತ್ತಲೇ ಕೇಳಿದಳು, ಎಣ್ಣೆ ಹಚ್ಚುವುದನ್ನು ಮಾತ್ರ ನಿಲ್ಲಿಸಿದಳು. ಹೇಳಿ ಕಳಿಸು, ನಾನೇ ಬಂದು ಪಾಸ್ಕಲರ ಬಳಿ ಕರೆದೊಯ್ಯುತ್ತೇನೆ, ಅವರು ಏನು ಹೇಳುತ್ತಾರೋ ಅದನ್ನು ಮೂರು ಸಲ ಕೇಳಿಸಿಕೊಂಡು ನಿನಗೆ ಹೇಳುತ್ತೇನೆ ಎಂದೆ. ಅಷ್ಟರೊಳಗೆ ಯಾರಾದರೂ ಬರೆ ಕಾಯಿಸಿಕೊಂಡು ಬಂದರೆ ಅವನ ಕೈ ಮುರಿಯುತ್ತೇನೆ, ಇದು ನಿನಗೆ ಕೊಡುವ ಮಾತು, ಅಣ್ಣಯ್ಯ.

ಇನ್ನೊಂದು ಸುದ್ದಿ ಇವತ್ತಿನದು. ಬೆಳಗ್ಗೆ ಬೇಲಿಯ ಹಿಂದೆ ನಿಂತಿದ್ದೆ. ದ್ಯಾವಣ್ಣ ಗುದ್ದಲಿ ಹಿಡಿದು ಬಂದ, ದಿನದ ಹಾಗೆ ನಿನ್ನ ಮುಂದೆ ನಿಂತ, ಅಭ್ಯಾಸಬಲದಿಂದ ಕ್ಯಾಕರಿಸಿದ. ಬಾಯಿಗೆ ಬಂದದ್ದನ್ನು ನುಂಗಿಕೊಂಡ. 'ತಲೆ ಬಾಳಾ ನೋಯ್ತಿತ್ತೇನ್ಲಾ?' ಎಂದು ನಿನ್ನನ್ನು ಕೇಳಿ, ಸ್ವಲ್ಪ ಕಾದು, ನೀರು ತಿರುಗಿಸಲು ಹೋದ.

ನಿನ್ನ ತಮ್ಮ,
ಸಿದ್ದ